ನೆಲದೊಳಗಿನ ಗುದ್ದು ಮತ್ತು ನನ್ನ ಕಿವಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಿಕ್ಕಾಗ ಮೊದಲು ಕೇಳುವುದು ಯಂತ್ರಗಳ ವಿಚಾರ. ಯಾವುದು ಒಳ್ಳೆಯದು, ಎಷ್ಟು ದೂರದವರೆಗೆ ಸರಿಯಾಗಿ ತೋರಿಸುತ್ತದೆ, ಫೋನಿಗೆ ಜೋಡಿಸಬಹುದೇ ಎಂದೆಲ್ಲ. ನಾನು ಗಂಭೀರವಾಗಿ ತಲೆಯಾಡಿಸಿ ಏನೋ ಒಂದು ಹೇಳಿ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ, ನಾನು ಕೆಲಸ ಮಾಡಿದಷ್ಟು ವರ್ಷಗಳಲ್ಲಿ ಯಂತ್ರಗಳು ಮಾಡಿದ ತಪ್ಪು ಬಹಳ ಕಡಿಮೆ. ಉಳಿದವೆಲ್ಲ ನನ್ನವೇ. ಅವುಗಳನ್ನು ಹೇಳಿದರೆ ನಿಮಗೆ ಹೆಚ್ಚು ಉಪಯೋಗವಾದೀತು ಎಂದು ಬರೆಯಲು ಕೂತಿದ್ದೇನೆ.

ನಾನು ಲೋಕೇಶ, ಮೂಡಿಗೆರೆಯವನು. ನೆಲದಡಿ ಹೂತಿಟ್ಟ ಕರೆಂಟಿನ ಕೇಬಲ್ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಚಿಕ್ಕಮಗಳೂರಿನ ಒಂದು ಸಣ್ಣ ಖಾಸಗಿ ಸಂಸ್ಥೆ ನಮ್ಮದು. ಯಜಮಾನರು ಗಣೇಶಯ್ಯನವರು. ಎಸ್ಟೇಟು, ನರ್ಸಿಂಗ್ ಹೋಮು, ಹೋಂಸ್ಟೇ, ಕಾಫಿ ಕ್ಯೂರಿಂಗ್ ಕಾರ್ಖಾನೆ, ಯಾರು ಕರೆದರೂ ಜೀಪಿಗೆ ಸಾಮಾನು ತುಂಬಿಕೊಂಡು ಹೊರಡುತ್ತಿದ್ದೆವು. ಹುಡುಕುವವನು ನಾನು. ಹುಡುಕಿದ ಮೇಲೆ ಕೇಬಲನ್ನು ಕತ್ತರಿಸಿ ಹೊಸ ಜಾಯಿಂಟ್ ಹಾಕುವವನು ಕೊಟ್ಟಿಗೆಹಾರದ ಇಸ್ಮಾಯಿಲ್. ನನಗಿಂತ ಹತ್ತು ವರ್ಷ ಚಿಕ್ಕವನು.

ಗಣೇಶಯ್ಯನವರಷ್ಟು ಹೆದರುವ ಮನುಷ್ಯನನ್ನು ನಾನು ಕರೆಂಟಿನ ಕೆಲಸದಲ್ಲಿ ಕಂಡಿಲ್ಲ. ರಬ್ಬರ್ ಬೂಟು ಹಾಕದೆ ಜೀಪಿನಿಂದ ಇಳಿಯುತ್ತಿರಲಿಲ್ಲ. ಒಮ್ಮೆ ಹೋಟೆಲಿನಲ್ಲಿ ಫ್ರಿಜ್ಜಿನ ಬಾಗಿಲನ್ನು ಕರವಸ್ತ್ರ ಸುತ್ತಿಕೊಂಡು ತೆರೆದದ್ದನ್ನು ನಾನೇ ನೋಡಿದ್ದೇನೆ. ನಾನು ಅವರ ಹಿಂದೆ ಅವರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದೆ, ಇಸ್ಮಾಯಿಲ್ ನಗುತ್ತಿದ್ದ. ಮೂವತ್ತು ವರ್ಷ ಈ ಕಸುಬಿನಲ್ಲಿದ್ದೂ ಅವರ ಹತ್ತು ಬೆರಳೂ ಹುಟ್ಟಿದಾಗ ಇದ್ದ ಹಾಗೇ ಇದ್ದವು ಎಂಬುದು ಆಗ ನನಗೆ ಮುಖ್ಯ ಅನ್ನಿಸಿರಲಿಲ್ಲ.

ಕೆಲಸದ ರೀತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕೇಬಲಿನ ಒಂದು ತುದಿಯಿಂದ ಅಳತೆಯ ಯಂತ್ರ ಹಚ್ಚಿದರೆ ದೋಷ ಸುಮಾರು ಇಷ್ಟು ದೂರದಲ್ಲಿದೆ ಎಂದು ತೋರಿಸುತ್ತದೆ. ಸುಮಾರು ಎಂದರೆ ಸುಮಾರೇ. ನಿಖರವಾದ ಜಾಗ ಸಿಗಬೇಕಾದರೆ ಥಂಪರ್ ಎಂಬ ಇನ್ನೊಂದು ಯಂತ್ರದಿಂದ ಕೆಲವು ಸೆಕೆಂಡಿಗೊಮ್ಮೆ ಕೇಬಲಿಗೆ ಜೋರಾದ ವಿದ್ಯುತ್ತಿನ ಹೊಡೆತ ಕೊಡಬೇಕು. ಆ ಹೊಡೆತ ಕೇಬಲಿನೊಳಗೆ ಓಡಿ, ಎಲ್ಲಿ ಸಿಪ್ಪೆ ಒಡೆದಿದೆಯೋ ಅಲ್ಲಿ ಕಿಡಿಯಾಗಿ ಹಾರುತ್ತದೆ. ಮಣ್ಣಿನೊಳಗೆ ಧಡ್ ಎಂದು ಗುದ್ದಿದ ಶಬ್ದ ಬರುತ್ತದೆ. ಹುಡುಕುವವನು ನೆಲಕ್ಕೆ ಮೈಕು ಇಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಬಲ್ ಹೋದ ದಾರಿಯಲ್ಲಿ ನಡೆಯುತ್ತಾ ಗುದ್ದು ಎಲ್ಲಿ ಹೆಚ್ಚು ಕೇಳುತ್ತದೋ ಅಲ್ಲಿ ಅಗೆಸಬೇಕು. ಕೆಲಸವೆಲ್ಲ ನಿಂತಿರುವುದು ಕಿವಿಯ ಮೇಲೆ.

ನಾನು ಸೇರಿದಾಗ ಮೈಕೂ ಇರಲಿಲ್ಲ. ಒಂದು ಗಟ್ಟಿ ಕೋಲನ್ನು ನೆಲಕ್ಕೂರಿ ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದೆವು. ದೂರದ ಲೆಕ್ಕವನ್ನು ಗಣೇಶಯ್ಯನವರು ಕಾಗದದ ಮೇಲೆ ಗುಣಿಸಿ ಭಾಗಿಸಿ ತೆಗೆಯುತ್ತಿದ್ದರು. ಆ ಕಾಲದಲ್ಲಿ ನನ್ನ ಕಿವಿ ನಿಜವಾಗಿಯೂ ಚೆನ್ನಾಗಿತ್ತು, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಬಂದದ್ದು ಆಮೇಲೆ. ಗಣೇಶಯ್ಯನವರು ಗಿರಾಕಿಗಳಿಗೆ ನನ್ನನ್ನು ಪರಿಚಯಿಸುವಾಗ, ಮಣ್ಣೊಳಗೆ ಇರುವೆ ಕೆಮ್ಮಿದರೂ ಇವನಿಗೆ ಕೇಳುತ್ತದೆ ಎನ್ನುತ್ತಿದ್ದರು. ನಾನು ಏನೂ ಕೇಳಿಸಿಕೊಳ್ಳದವನ ಹಾಗೆ ಗುಡ್ಡ ನೋಡುತ್ತಾ ನಿಲ್ಲುತ್ತಿದ್ದೆ.

ಆ ಕಿವಿ ಮಾಡಿದ ಮೊದಲ ಅವಾಂತರ ಕೊಟ್ಟಿಗೆಹಾರದಲ್ಲಿ. ಅಲ್ಲಿನ ಪೆಟ್ರೋಲ್ ಬಂಕಿಗೆ ಹೋಗುವ ಕೇಬಲ್ ಕೆಟ್ಟಿತ್ತು. ಮೈಕು ಹೊಸದಾಗಿ ಬಂದಿತ್ತು, ನನ್ನ ಉತ್ಸಾಹವೂ ಹೊಸದು. ರಸ್ತೆ ಬದಿಯ ಹೋಟೆಲೊಂದರ ಹಿತ್ತಿಲ ಹತ್ತಿರ ಬಂದಾಗ ಗುದ್ದು ಸ್ಪಷ್ಟವಾಗಿ ಕೇಳಿಸಿತು. ಧಡ್, ಧಡ್, ಧಡ್. ನಾನು ಕೈಯೆತ್ತಿದೆ. ಅಗೆಯುವವರು ಬಂದರು. ಸೊಂಟದವರೆಗೆ ಅಗೆದರೂ ಕೇಬಲೇ ಇಲ್ಲ, ಗುದ್ದು ಮಾತ್ರ ಕೇಳುತ್ತಲೇ ಇದೆ. ಇನ್ನೂ ಆಳದಲ್ಲಿದೆ ಎಂದು ಹೇಳಿ ಇನ್ನಷ್ಟು ಅಗೆಸಿದೆ. ಕೊನೆಗೆ ಗುದ್ದು ನಿಂತಿತು. ಹೋಟೆಲಿನ ಹಿಂಬಾಗಿಲು ತೆರೆದು ಅಡುಗೆಯವರು ಹೊರಗೆ ಬಂದು ಬೆವರು ಒರೆಸಿಕೊಂಡರು. ಒಳಗೆ ಒರಳಿನಲ್ಲಿ ಮೀನಿನ ಸಾರಿಗೆ ಮಸಾಲೆ ಕುಟ್ಟುತ್ತಿದ್ದರಂತೆ. ಆ ಗುಂಡಿಯನ್ನು ನೋಡಿ, ಇದು ಯಾತಕ್ಕೆ ಎಂದು ಕೇಳಿದರು. ನಾನು ಸಾರು ಆಗಿದೆಯಾ ಎಂದು ಕೇಳಿದೆ.

ನೀವು ಇದರಿಂದ ಕಲಿಯಬೇಕಾದ್ದು ಇಷ್ಟೇ: ಗುದ್ದು ಕೇಳಿಸಿದ ಕೂಡಲೇ ಥಂಪರ್ ನಿಲ್ಲಿಸಲು ಹೇಳಿ. ಆಮೇಲೂ ಕೇಳುತ್ತಿದ್ದರೆ ಅದು ನಿಮ್ಮ ಗುದ್ದಲ್ಲ.

ಇನ್ನೊಂದು ಸಲ ಕಳಸದ ಹತ್ತಿರ ಒಂದು ಹೋಂಸ್ಟೇಯಲ್ಲಿ ಬೆಳಗಿನಿಂದ ಹುಡುಕಿದರೂ ಗುದ್ದು ಸಿಗಲಿಲ್ಲ. ಗೇಟಿನಿಂದ ಮನೆಯವರೆಗೆ, ಮನೆಯಿಂದ ಗೇಟಿನವರೆಗೆ ನಡೆದು ಸಾಕಾಯಿತು. ಕೇಬಲ್ ಬೇರೆ ದಾರಿಯಲ್ಲಿ ಹೋಗಿರಬೇಕು ಎಂದು ನಾನು ಘೋಷಿಸಿದೆ. ಸಾಮಾನು ತುಂಬಲು ಇಸ್ಮಾಯಿಲ್ ಜೀಪನ್ನು ಹಿಂದಕ್ಕೆ ತೆಗೆದ. ಜೀಪು ನಿಂತಿದ್ದ ಜಾಗದಲ್ಲಿ ಮೈಕು ಇಟ್ಟು ನೋಡಿದರೆ ಗುದ್ದು ಅಲ್ಲೇ ಇತ್ತು. ನೆರಳು ಚೆನ್ನಾಗಿದೆ ಎಂದು ಅಲ್ಲಿ ನಿಲ್ಲಿಸಲು ಹೇಳಿದವನು ನಾನೇ. ಆಮೇಲೆ ಎಲ್ಲಿಗೆ ಹೋದರೂ ಇಸ್ಮಾಯಿಲ್ ಜೀಪು ನಿಲ್ಲಿಸುವ ಮೊದಲು, "ಲೋಕೇಶಣ್ಣ, ನೆರಳು ಬೇಕಾ, ಫಾಲ್ಟ್ ಬೇಕಾ?" ಎಂದು ಕೇಳುವುದು ರೂಢಿಯಾಯಿತು.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ನಾನು ಹೇಳಬೇಕೆಂದಿರುವುದು ಮುಂದಿನದು.

ಕೆಲಸ ಬಿಡುವುದಕ್ಕೆ ನಾಲ್ಕೈದು ವರ್ಷ ಇದೆ ಎನ್ನುವ ಹೊತ್ತಿಗೆ ಕೇಬಲ್‌ಗಳ ಗುದ್ದು ಮೊದಲಿನ ಹಾಗೆ ಇಲ್ಲ ಎಂದು ನನಗೆ ಅನ್ನಿಸತೊಡಗಿತು. ಹಿಂದೆ ಎದೆಗೆ ಹೊಡೆದ ಹಾಗೆ ಕೇಳುತ್ತಿದ್ದದ್ದು ಈಗ ದೂರದಲ್ಲಿ ಯಾರೋ ಬಟ್ಟೆ ಒಗೆದ ಹಾಗೆ. ನಾನು ಕಾರಣ ಹುಡುಕಿದೆ. ಈಗಿನ ಕೇಬಲಿನ ಪ್ಲಾಸ್ಟಿಕ್ ಸರಿಯಿಲ್ಲ ಎಂದೆ. ಥಂಪರ್ ಹಳೆಯದಾಯಿತು ಎಂದೆ. ಹೆಡ್‌ಫೋನ್ ಮೇಲೆ ಹೆಡ್‌ಫೋನ್ ತರಿಸಿದೆ. ಮೈಕನ್ನು ರಿಪೇರಿಗೆ ಬೆಂಗಳೂರಿಗೆ ಕಳಿಸಿದೆವು. ಅವರು ಏನೂ ದೋಷವಿಲ್ಲ ಎಂದು ಒರೆಸಿ ವಾಪಸು ಕಳಿಸಿದರು. ಅಲ್ಲಿ ಕೆಲಸ ಬಲ್ಲವರು ಯಾರೂ ಉಳಿದಿಲ್ಲ ಎಂದೆ. ಜಗತ್ತಿನಲ್ಲಿ ಕೆಡಬಹುದಾದ ವಸ್ತುಗಳನ್ನೆಲ್ಲ ಒಂದೊಂದಾಗಿ ಅನುಮಾನಿಸಿದೆ. ಹುಡುಕುವುದೇ ಕಸುಬಾದವನಿಗೆ ಹೆಡ್‌ಫೋನಿನಿಂದ ಒಂದು ಅಂಗುಲ ಒಳಗೆ ನೋಡಬೇಕೆಂದು ತೋಚಲಿಲ್ಲ.

ಅದೇ ಸಮಯದಲ್ಲಿ ಇಸ್ಮಾಯಿಲನಿಗೆ ಸಕ್ಕರೆ ಕಾಯಿಲೆ ಇರಬೇಕೆಂದೂ ನನಗೆ ಅನುಮಾನ ಬಂದಿತ್ತು. ಕೇಬಲ್ ಕತ್ತರಿಸುವ ಮೊದಲು ಒಂದು ಕ್ರಮವಿದೆ. ಥಂಪರ್ ನಿಲ್ಲಿಸಿದರೂ ಕೇಬಲಿನೊಳಗೆ ವಿದ್ಯುತ್ತು ತುಂಬಿಕೊಂಡೇ ಇರುತ್ತದೆ. ಅದನ್ನು ಭೂಮಿಗೆ ಇಳಿಸುವ ತಂತಿ ಜೋಡಿಸಬೇಕು, ಅದಕ್ಕೆ ನಾವು ಅರ್ತ್ ಹಾಕುವುದು ಎನ್ನುತ್ತೇವೆ. ಯಂತ್ರದ ಬಳಿ ಇರುವ ಗಣೇಶಯ್ಯನವರು ಅರ್ತ್ ಹಾಕಿ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ನಾನು ಇಸ್ಮಾಯಿಲನಿಗೆ ಕತ್ತರಿಸು ಎನ್ನುತ್ತಿದ್ದೆ. ನಾನು ಹಾಗೆಂದ ಕೂಡಲೇ ಇಸ್ಮಾಯಿಲ್, ಒಂದು ನಿಮಿಷ ಬಂದೆ ಎಂದು ಪೊದೆಯ ಹಿಂದೆ ಹೋಗುತ್ತಿದ್ದ. ಪ್ರತಿ ಸಲ. ಒಮ್ಮೆಯೂ ತಪ್ಪಿಸಿದ್ದಿಲ್ಲ. ಅವನಿಗೆ ಹಾಗಲಕಾಯಿ ರಸದ ಮಹಿಮೆಯನ್ನು ನಾನು ವಿವರಿಸಿ ಹೇಳಿದ್ದೆ. ಮನೆಯಿಂದ ಹಾಗಲಕಾಯಿ ಕೊಟ್ಟೂ ಕಳಿಸಿದ್ದೆ. ಅವನು ಮರುಮಾತಾಡದೆ ತೆಗೆದುಕೊಂಡು ಹೋಗುತ್ತಿದ್ದ.

ಹೀಗಿರುವಾಗ ಮಲ್ಲಂದೂರಿನ ಸರೋಜಮ್ಮನವರ ಎಸ್ಟೇಟಿನಿಂದ ಕರೆ ಬಂತು. ಸರೋಜಮ್ಮನವರದು ದೊಡ್ಡ ಎಸ್ಟೇಟೇನಲ್ಲ. ಯಜಮಾನರು ತೀರಿಕೊಂಡ ಮೇಲೆ ತಾವೇ ಬೂಟು ಹಾಕಿಕೊಂಡು ತೋಟ ನಡೆಸುತ್ತಿದ್ದವರು. ಕಡಿಮೆ ಮಾತು. ಅದು ಮಾರ್ಚ್ ತಿಂಗಳು, ಹೂವಿನ ಮಳೆ ಬಂದಿರಲಿಲ್ಲ. ರೊಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಕೂತಾಗ ನೀರು ಬಿದ್ದರೆ ಹೂವು, ಹೂವಾದರೆ ಮಾತ್ರ ಕಾಯಿ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ಅವರು ತೋಟದ ಅರ್ಧಕ್ಕೆ ನೀರು ಕೊಟ್ಟಿದ್ದರು. ಅಷ್ಟರಲ್ಲಿ ಕೆಳಗಿನ ಕೆರೆಯ ಪಂಪು ನಿಂತಿತು. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನಿಂದ ಕೆರೆಯವರೆಗೆ ಇಳಿಜಾರಿನಲ್ಲಿ ಹೂತಿದ್ದ ಕೇಬಲ್ ಎಲ್ಲೋ ಕೆಟ್ಟಿತ್ತು. ಬಾಡಿಗೆ ಡೀಸೆಲ್ ಪಂಪು ಕೇಳಿದರೆ ಇಡೀ ಊರೇ ಕ್ಯೂನಲ್ಲಿತ್ತು. ಉಳಿದ ಅರ್ಧ ತೋಟದ ಮೊಗ್ಗು ಬಿಸಿಲಿಗೆ ಸೊರಗತೊಡಗಿತ್ತು.

ನಾವು ಹೋದಾಗ ಸರೋಜಮ್ಮನವರು ಒಂದು ರೆಂಬೆ ಬಗ್ಗಿಸಿ ತೋರಿಸಿದರು. ಗೆಣ್ಣುಗಳಲ್ಲಿ ಮೊಗ್ಗು ತುಂಬಿಕೊಂಡಿತ್ತು, ಕೆಲವುಗಳ ತುದಿ ಕಂದಾಗಿತ್ತು.

"ನಾಳೆ ನೀರು ಕೊಟ್ರೂ ಉಳೀತದೆ. ನಾಡಿದ್ದಿಗೆ ನಾನು ಹೇಳಲಾರೆ," ಎಂದರು.

ಗಣೇಶಯ್ಯನವರು ಟ್ರಾನ್ಸ್‌ಫಾರ್ಮರಿನ ಬಳಿ ಕೇಬಲಿನ ತುದಿ ಬಿಡಿಸಿಕೊಂಡು ಅಳತೆಯ ಯಂತ್ರ ಹಚ್ಚಿದರು. ಕೆರೆಗೆ ಹತ್ತಿರ, ಎಸ್ಟೇಟಿನ ದಾರಿ ತಿರುಗುವಲ್ಲಿ ಒಂದು ದೊಡ್ಡ ಬಂಡೆ ಇದೆ, ದೋಷ ಅದರ ಆಸುಪಾಸು ಎಂದು ಯಂತ್ರ ಹೇಳಿತು. ನಾನು ಒಪ್ಪಲಿಲ್ಲ. ಇಳಿಜಾರಿನ ಅರ್ಧದಲ್ಲಿ ಹಳೆಯ ಜಾಯಿಂಟ್ ಒಂದಿದೆ, ನೀರು ಸೇರುವುದು ಜಾಯಿಂಟಿನಲ್ಲೇ, ನನ್ನ ಅನುಭವ ಹೇಳುತ್ತದೆ ಎಂದೆ. ಯಂತ್ರ ತಂದು ಎರಡೇ ವರ್ಷವಾಗಿತ್ತು, ನನ್ನ ಅನುಭವ ಅದಕ್ಕಿಂತ ಹಿರಿದು. ಇಸ್ಮಾಯಿಲ್ ಒಂದು ಸಲ ಕೆಳಗೂ ನೋಡೋಣ ಎಂದ. ಕೆಳಗೆ ಆಮೇಲೆ ಎಂದೆ.

ಥಂಪರ್ ಶುರುವಾಯಿತು. ಹಳೆಯ ಜಾಯಿಂಟಿನ ಹತ್ತಿರ ಮೈಕು ಇಟ್ಟು ಕೂತೆ. ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಅಗೆಸಿದೆ. ಜಾಯಿಂಟ್ ನಿನ್ನೆ ಹಾಕಿದ ಹಾಗೆ ಒಣಗಿ ಗಟ್ಟಿಯಾಗಿತ್ತು. ಸ್ವಲ್ಪ ಕೆಳಗೆ ಇನ್ನೊಂದು ಕಡೆ ಅಗೆಸಿದೆ. ಅದಕ್ಕೂ ಕೆಳಗೆ ಮತ್ತೊಂದು. ಮೂರನೆಯ ಗುಂಡಿಯಲ್ಲಿ ಒಂದು ಸಿಲ್ವರ್ ಓಕ್ ಮರದ ಬೇರು ಸಿಕ್ಕಿತು, ಬೇರೇನೂ ಸಿಗಲಿಲ್ಲ.

ಸರೋಜಮ್ಮನವರು ಕೊಡೆ ಹಿಡಿದುಕೊಂಡು ಗುಂಡಿಗಳನ್ನು ಒಂದೊಂದಾಗಿ ಇಣುಕಿ ನೋಡಿ, "ಲೋಕೇಶ್, ಇದ್ರಲ್ಲಿ ಬಾಳೆ ಇಡಿಸ್ಬಹುದಾ, ಇಲ್ಲಾ ನಿಮಗೆ ಇನ್ನೂ ಬೇಕಾಗ್ತದಾ?" ಎಂದು ಕೇಳಿದರು. ವ್ಯಂಗ್ಯವೋ ನಿಜವಾದ ಪ್ರಶ್ನೆಯೋ ಅವರ ಮುಖ ನೋಡಿ ಹೇಳಲು ಸಾಧ್ಯವಿರಲಿಲ್ಲ.

ಸುತ್ತಲೂ ಗದ್ದಲ ಹೆಚ್ಚಾಗಿದೆ, ಅದಕ್ಕೇ ಕೇಳುತ್ತಿಲ್ಲ ಎಂದು ನನಗೆ ಹೊಳೆಯಿತು. ನೀರಿಲ್ಲದೆ ಸ್ಪ್ರಿಂಕ್ಲರ್ ಪೈಪು ಎತ್ತಿಡುವ ಕೆಲಸವೂ ಇಲ್ಲದೆ ಕೆಲಸದ ಹೆಂಗಸರು ದಾರಿಯ ಅಂಚಿನಲ್ಲಿ ಕೂತು ಮಾತಾಡುತ್ತಿದ್ದರು. ನಾನು ಎದ್ದು ನಿಂತು, ಇನ್ನು ನಾನು ಹೇಳುವವರೆಗೆ ಯಾರೂ ಉಸಿರು ಬಿಡಬಾರದು ಎಂದು ಅಪ್ಪಣೆ ಮಾಡಿದೆ. ಸರೋಜಮ್ಮನವರಿಗೂ ಸೇರಿಸಿಯೇ ಹೇಳಿದೆ. ಎಲ್ಲರೂ ಗಪ್‌ಚಿಪ್ಪಾದರು. ನಾನು ಹೆಡ್‌ಫೋನ್ ಬಿಸಾಡಿ, ಹಳೆಯ ಕಾಲದ ವಿದ್ಯೆಯೇ ಸರಿ ಎಂದು, ತರಗೆಲೆಗಳ ಮೇಲೆ ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚಿದೆ. ಕಣ್ಣು ಮುಚ್ಚಿದೆ. ಹಾಗೆಯೇ ತೆವಳುತ್ತಾ ಸ್ವಲ್ಪ ಸ್ವಲ್ಪ ಕೆಳಗೆ ಹೋದೆ. ಒಂದು ಸಲ ತಲೆಯೆತ್ತಿ ನೋಡಿದಾಗ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಗು ತಡೆಯುತ್ತಿದ್ದಾರೆಂದು ಗೊತ್ತಾಯಿತು. ಮಲಗಿದವನನ್ನು ಕಂಡರೆ ನಗು ಬರುವುದು ಸಹಜ ಎಂದು ಕ್ಷಮಿಸಿ ಮತ್ತೆ ಕಿವಿ ಹಚ್ಚಿದೆ.

ಎಷ್ಟು ಹೊತ್ತಾಯಿತೋ. ಕೊನೆಗೆ ನನ್ನ ಮುಖದ ಮುಂದೆ ಎರಡು ಬೂಟುಗಳು ಬಂದು ನಿಂತವು. ಸರೋಜಮ್ಮನವರು ಬಗ್ಗಿ ನನ್ನ ಭುಜ ಮುಟ್ಟಿದರು.

"ಲೋಕೇಶ್, ನಾನು ಈಗ ಮಾತಾಡ್ಬಹುದಾ?"

"ಹೇಳಿ ಅಮ್ಮ."

"ಆ ಬಂಡೆ ಹತ್ರ ಆವಾಗಿಂದ ಗುದ್ದುತಾ ಇದೆ. ಇಲ್ಲಿಗೇ ಕೇಳ್ತದೆ. ನೀವು ಮಾತಾಡ್ಬೇಡಿ ಅಂದ್ರಲ್ಲ, ಅದಕ್ಕೆ ಎಲ್ಲರೂ ಸುಮ್ನಿದ್ವಿ."

ನಾನು ಎದ್ದು ಬಂಡೆಯ ಕಡೆ ನೋಡಿದೆ. ಇಸ್ಮಾಯಿಲ್ ಅದರಿಂದ ಸ್ವಲ್ಪ ಆಚೆ ನಿಂತು ಹೆಂಗಸರನ್ನು ಇನ್ನೂ ದೂರ ಕೂರಿಸುತ್ತಿದ್ದ. ಯಂತ್ರವಿಲ್ಲ, ಮೈಕಿಲ್ಲ, ಅಷ್ಟು ಜನರಿಗೂ ಬರಿಗಿವಿಗೆ ಕೇಳುತ್ತಿತ್ತು. ಒಬ್ಬ ಅಜ್ಜಿ ಪ್ರತಿ ಗುದ್ದಿಗೂ ತಲೆ ಆಡಿಸುತ್ತಿದ್ದಳು. ನಾನು ಅವಳ ತಲೆ ನೋಡಿ ಗುದ್ದು ಯಾವಾಗ ಬಿತ್ತೆಂದು ತಿಳಿದುಕೊಂಡೆ. ನನಗೆ ಕೇಳಿಸಿದ್ದು ಗಾಳಿಯ ಸದ್ದು ಮಾತ್ರ, ಅದೂ ಗಾಳಿಯೇ ಹೌದೋ ಅಲ್ಲವೋ ಈಗ ಹೇಳಲಾರೆ.

ಹೆಡ್‌ಫೋನಿನ ಒತ್ತಡಕ್ಕೆ ಕಿವಿ ಸ್ವಲ್ಪ ಮುಚ್ಚಿಕೊಂಡಿದೆ ಎಂದೆ. ಥಂಪರ್ ನಿಲ್ಲಿಸಿ, ಅರ್ತ್ ಹಾಕಿಸಿ ಅಗೆದೆವು. ಬಂಡೆಯ ಮಗ್ಗುಲಲ್ಲೇ ಕೇಬಲ್ ಸಿಕ್ಕಿತು. ಕಲ್ಲಿನ ಚೂಪು ಅಂಚು ವರ್ಷಗಟ್ಟಲೆ ಒತ್ತಿ ಸಿಪ್ಪೆ ಸೀಳಿತ್ತು. ಖಚಿತ ಮಾಡಿಕೊಳ್ಳಲು ಎಲ್ಲರನ್ನೂ ದೂರ ನಿಲ್ಲಿಸಿ ಅರ್ತ್ ತೆಗೆಸಿ ಒಂದು ಹೊಡೆತ ಕೊಡಿಸಿದೆವು. ಸೀಳಿನಲ್ಲಿ ಕಿಡಿ ಕಂಡಿತು. ಇನ್ನು ಕತ್ತರಿಸುವುದೊಂದೇ ಬಾಕಿ. ಇಸ್ಮಾಯಿಲ್ ಗುಂಡಿಗೆ ಇಳಿದು ಮಂಡಿಯೂರಿ ಕೂತ.

ನಾನು ಗಣೇಶಯ್ಯನವರಿಗೆ ಫೋನ್ ಮಾಡಿ, ಅರ್ತ್ ಹಾಕಿದ್ರಾ ಸರ್ ಎಂದು ಕೇಳಿದೆ. ಅವರು ಏನೋ ಹೇಳಿ, ಹಾಕಿದೆ ಎಂದರು. ನಾನು ಫೋನ್ ಕಿಸೆಗೆ ಹಾಕಿಕೊಂಡೆ.

"ಆಯ್ತು ಮಾರಾಯ, ಕತ್ತರಿಸು."

ಇಸ್ಮಾಯಿಲ್ ಗರಗಸ ಕೈಗೆತ್ತಿಕೊಂಡ. ಆದರೆ ಕೇಬಲಿಗೆ ತಾಗಿಸಲಿಲ್ಲ. ಸುತ್ತ ನೋಡಿದ. ಗುಂಡಿಯ ಸುತ್ತ ಹೆಂಗಸರು ನೆರೆದಿದ್ದರು. ಪೊದೆಯ ಹಿಂದೆ ಹೋಗುವಂತಿರಲಿಲ್ಲ. ಅವನು ಗರಗಸ ಮಣ್ಣಿನ ಮೇಲಿಟ್ಟು ನನ್ನ ಕಡೆ ಕೈ ಚಾಚಿದ.

"ಲೋಕೇಶಣ್ಣ, ಫೋನ್ ಕೊಡಿ. ನಂದು ಜೀಪಲ್ಲಿ ಉಳೀತು."

"ಯಾಕೆ? ಹಾಕಿದೀನಿ ಅಂದ್ರಲ್ಲ."

"ಕೊಡಿ."

ಅವನು ಫೋನ್ ಮಾಡಿ ಕೇಳಿದ. ಕೇಳಿಸಿಕೊಂಡು, ಆಯ್ತು ಸರ್, ಹಾಕಿದ ಮೇಲೆ ಹೇಳಿ ಎಂದು, ಗುಂಡಿಯಿಂದ ಮೇಲೆ ಬಂದು ನನ್ನ ಪಕ್ಕ ನಿಂತ. ಅರ್ತ್ ತಂತಿಯ ಹಿಡಿಕೆ ಸಡಿಲವಾಗಿತ್ತಂತೆ. ಗಣೇಶಯ್ಯನವರು ಅದನ್ನು ಸರಿಮಾಡುತ್ತಿದ್ದರಂತೆ. ಅವರು ನನಗೆ ಹೇಳಿದ್ದು, ತಡಿ, ಇನ್ನೂ ಹಾಕಿಲ್ಲ ಎಂದು.

ನಮ್ಮ ಭಾಷೆಯಲ್ಲಿ ಇಲ್ಲ ಎಂಬುದು ಮಾತಿನ ಕೊನೆಗೆ ಬರುತ್ತದೆ. ಹಾಕಿದೆ, ಹಾಕಿಲ್ಲ. ಎರಡಕ್ಕೂ ತಲೆ ಒಂದೇ, ಬಾಲ ಮಾತ್ರ ಬೇರೆ. ನನಗೆ ಬಾಲ ಕೇಳುತ್ತಿರಲಿಲ್ಲ. ತಲೆ ಕೇಳಿಸಿಕೊಂಡು ಬಾಲವನ್ನು ನಾನೇ ಅಂಟಿಸಿಕೊಳ್ಳುತ್ತಿದ್ದೆ, ನನಗೆ ಅನುಕೂಲವಾದದ್ದನ್ನು. ಅವನು ಆ ಗರಗಸ ಹಾಕಿದ್ದರೆ ಏನಾಗುತ್ತಿತ್ತೆಂದು ಈ ಕೆಲಸಕ್ಕೆ ಸೇರಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಬಂಡೆಯ ಮೇಲೆ ಕೂತೆ. ಮುಂದಿನ ಕೆಲಸವನ್ನು ಇಸ್ಮಾಯಿಲನೇ ಮಾಡಿ ಮುಗಿಸಿದ. ಸಂಜೆ ಬಿಸಿಲು ಇಳಿಯುವ ಮೊದಲು ಕೆರೆಯ ಪಂಪು ಕೂಗಿತು, ಸ್ಪ್ರಿಂಕ್ಲರುಗಳು ತಿರುಗತೊಡಗಿದವು. ಸರೋಜಮ್ಮನವರು ಎಲ್ಲರಿಗೂ ಕಾಫಿ ಕೊಡಿಸಿದರು. ನನ್ನ ಲೋಟ ಕೊಡುವಾಗ ಹತ್ತಿರ ಬಂದು, ನನ್ನ ಕಣ್ಣೆದುರಿಗೆ ಮುಖ ತಂದು, ಒಂದೊಂದೇ ಶಬ್ದ ಬಿಡಿಸಿ ಸಕ್ಕರೆ ಸಾಕಾ ಎಂದು ಕೇಳಿದರು. ಕಿವುಡರ ಹತ್ತಿರ ಹಾಗೆ ಮಾತಾಡುತ್ತಾರೆ ಎಂದು ನಾನು ಬಲ್ಲೆ.

ವಾಪಸು ಬರುವಾಗ ಜೀಪಿನಲ್ಲಿ ಇಸ್ಮಾಯಿಲನನ್ನು, ನನಗೆ ಕಿವಿ ಕೇಳುವುದಿಲ್ಲ ಎಂದು ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ.

"ಎರಡು ಮಳೆಗಾಲ ಆಯ್ತು," ಎಂದ. "ನೀವು ಕತ್ತರಿಸು ಅಂದ್ಮೇಲೆ ನಾನು ಸರ್‌ಗೆ ಫೋನ್ ಮಾಡಿ ಇನ್ನೊಂದ್ಸಲ ಕೇಳ್ತೇನೆ."

"ಯಾವಾಗ ಮಾಡ್ತೀಯ? ನಾನು ನೋಡೇ ಇಲ್ಲ."

ಅವನು ರಸ್ತೆ ನೋಡುತ್ತಾ ಗೇರು ಬದಲಿಸಿದ. ಮುಂದಿನ ಸೀಟಿನಲ್ಲಿದ್ದ ಗಣೇಶಯ್ಯನವರು ಹಿಂದಕ್ಕೆ ತಿರುಗಲಿಲ್ಲ. ಪೊದೆಗಳೆಲ್ಲ ಒಂದೊಂದಾಗಿ ನನ್ನ ನೆನಪಿಗೆ ಬಂದವು. ಹಾಗಲಕಾಯಿಯೂ.

ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು, ಇದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ನಾಟಕವಾಡಿದರು ಎನ್ನಿಸಿತು. ಮನೆಗೆ ಹೋಗಿ ಹೆಂಡತಿ ಜಲಜಳ ಹತ್ತಿರ ಎಲ್ಲವನ್ನೂ ಹೇಳಿ, ನನಗೆ ಕಿವಿ ಮಂದವಾಗಿದೆಯಂತೆ, ನಿನಗೇನಾದರೂ ಗೊತ್ತಿತ್ತಾ ಎಂದು ಕೇಳಿದೆ.

"ನಾನು ಹೇಳ್ತಾನೇ ಇದ್ದೆ," ಎಂದಳು ಅವಳು. "ನಿಮಗೆ ಕೇಳಿಸ್ಲಿಲ್ಲ."

ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಗಣೇಶಯ್ಯನವರೇ ಮೂಡಿಗೆರೆಗೆ ಬಂದರು. ಬೂಟು ಹೊರಗೆ ಬಿಚ್ಚಿಟ್ಟು ಕೂತು, ಬಹಳ ಹೊತ್ತು ಕಾಫಿ ಗಿಡಗಳ ವಿಷಯವನ್ನೇ ಮಾತಾಡಿದರು. ಕೊನೆಗೆ, ತಪ್ಪು ತಮ್ಮದೂ ಇದೆ ಎಂದರು. ಗಿರಾಕಿಗಳ ಮುಂದೆ ನನ್ನ ಕಿವಿಯನ್ನು ಅಷ್ಟು ಹೊಗಳಿಬಿಟ್ಟಿದ್ದರಿಂದ, ಆಮೇಲೆ ನನ್ನ ಎದುರಿಗೆ ಬೇರೆ ಮಾತು ಆಡಲು ಅವರಿಗೆ ಬಾಯಿ ಬರಲಿಲ್ಲವಂತೆ. ಫ್ರಿಜ್ಜಿನ ಬಾಗಿಲಿಗೆ ಹೆದರುವ ಮನುಷ್ಯ ನನ್ನ ಮನಸ್ಸಿಗೂ ಹೆದರಿದ್ದರು. ನಾಳೆ ಚಿಕ್ಕಮಗಳೂರಿಗೆ ಬಾ, ಕಿವಿ ತೋರಿಸು, ಆಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು ಎಂದು ಹೇಳಿ ಹೋದರು.

ಕಿವಿ ಡಾಕ್ಟರು ನನ್ನನ್ನು ಒಂದು ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ಹೆಡ್‌ಫೋನ್ ಹಾಕಿಕೊಂಡ ಮೇಲೆ ನಾನು ಸೋಲುವುದುಂಟೇ? ಕಣ್ಣು ಮುಚ್ಚಿ, ಕೇಳಿರಬಹುದು ಅನ್ನಿಸಿದಾಗಲೆಲ್ಲ ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಬಾಗಿಲು ತೆರೆದರು. ಅವರು ಇನ್ನೂ ಶಬ್ದವನ್ನೇ ಶುರು ಮಾಡಿರಲಿಲ್ಲವಂತೆ. ಎರಡನೆಯ ಸಲ ಪ್ರಾಮಾಣಿಕವಾಗಿ ಕೂತೆ. ಒತ್ತುವ ಸಂದರ್ಭಗಳು ಬಹಳ ಕಡಿಮೆ ಬಂದವು. ಬಲಗಿವಿ ಪರವಾಗಿಲ್ಲ ಎನ್ನಬಹುದು, ಎಡಗಿವಿ ಮರೆತುಬಿಡಿ ಎಂದರು ಡಾಕ್ಟರು. ನಾನು ಕೋಲಿಗೂ ನೆಲಕ್ಕೂ ಹಚ್ಚುತ್ತಿದ್ದದ್ದು ಎಡಗಿವಿ. ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು. ಕೆಲಸ ಬಿಟ್ಟ ಮೇಲೆ ನೋಡೋಣ ಎಂದು ಎದ್ದು ಬಂದೆ. ಜಂಬ ಅಷ್ಟು ಬೇಗ ಸಾಯುವುದಿಲ್ಲ.

ಆದರೆ ಒಂದು ಕೆಲಸ ಮಾಡಿದೆ. ಮರುದಿನ ಗಣೇಶಯ್ಯನವರ ಮುಂದೆ ಇಸ್ಮಾಯಿಲನನ್ನೂ ಕೂರಿಸಿಕೊಂಡು, ಇನ್ನು ಮೈಕು ಹಿಡಿಯುವವನು ಇವನು, ಯಂತ್ರದ ಬಳಿ ನಿಲ್ಲುವವನು ನಾನು ಎಂದೆ. ಮತ್ತು ಬಾಯಿಮಾತಿನ ಮೇಲೆ ಯಾರೂ ಕೇಬಲ್ ಕತ್ತರಿಸುವುದು ಬೇಡ ಎಂದೆ. ಕತ್ತರಿಸುವವನು ತಾನೇ ಯಂತ್ರದವರೆಗೆ ನಡೆದು ಬರಬೇಕು, ಅರ್ತ್ ಹಾಕಿದ್ದನ್ನು ಕಣ್ಣಾರೆ ನೋಡಬೇಕು, ಥಂಪರಿನ ಕೀಲಿಯನ್ನು ತನ್ನ ಕಿಸೆಗೆ ಹಾಕಿಕೊಂಡು ಹೋಗಬೇಕು. ಕೀಲಿ ಅವನ ಕಿಸೆಯಲ್ಲಿ ಇರುವವರೆಗೆ ಯಂತ್ರ ಯಾರು ಒತ್ತಿದರೂ ಏಳುವುದಿಲ್ಲ. ಗುಡ್ಡ ಹತ್ತಿ ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ ಎಂದು ಗಿರಾಕಿಗಳು ಗೊಣಗಿದರು. ಗಣೇಶಯ್ಯನವರು ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಈಗ ಅಲ್ಲಿ ಕೆಲಸಕ್ಕೆ ಸೇರುವ ನಿಮಗೆ ಮೊದಲ ದಿನವೇ ಈ ನಿಯಮ ಹೇಳಿಕೊಡುತ್ತಾರೆ. ಯಾವುದೋ ಪುಸ್ತಕದಿಂದ ಬಂದದ್ದು ಎಂದುಕೊಳ್ಳಬೇಡಿ. ಒಬ್ಬ ಕಿವುಡನಿಂದ ಬಂದದ್ದು.

ಸರೋಜಮ್ಮನವರ ತೋಟದ ವಿಷಯ ಹೇಳುವುದು ಉಳಿಯಿತು. ಮೊದಲು ನೀರು ಕಂಡ ಅರ್ಧ ಮೊದಲು ಹೂವಾಯಿತು, ಉಳಿದರ್ಧ ಕೆಲವು ದಿನಗಳ ಅಂತರದಲ್ಲಿ ಹೂವಾಯಿತು. ಅಂಚಿನ ಗಿಡಗಳಲ್ಲಿ ಒಂದಷ್ಟು ಮೊಗ್ಗು ಕರಕಲಾಗಿ ಉದುರಿದವಂತೆ. ನನ್ನ ಮೂರು ಗುಂಡಿಗಳಲ್ಲಿ ಅವರು ನಿಜವಾಗಿಯೂ ಬಾಳೆ ಇಡಿಸಿದರು.

ಇಸ್ಮಾಯಿಲ್ ಕೇಳುಗನಾಗಿ ನನಗಿಂತ ಒಳ್ಳೆಯವನೇ ಆದ. ನಾನು ಯಂತ್ರದ ಬಳಿ ಕೂತು, ಅವನು ಏದುಸಿರು ಬಿಡುತ್ತಾ ಕೀಲಿಗೆ ಬಂದಾಗ ನೀರು ಕೊಟ್ಟು ಕಳಿಸುವ ಕೆಲಸ ಮಾಡಿದೆ. ಉಳಿದ ವರ್ಷಗಳು ಹಾಗೆ ಕಳೆದವು.

ಕೆಲಸ ಬಿಟ್ಟ ಮೇಲೆ ಜಲಜಳ ಒತ್ತಾಯಕ್ಕೆ ಕಿವಿಯ ಯಂತ್ರ ಹಾಕಿಸಿಕೊಂಡೆ. ಮೊದಲ ವಾರ ನಮ್ಮ ಮನೆಯ ಬಾಗಿಲು ಇಷ್ಟೊಂದು ಕಿರುಚುತ್ತದೆಯೇ ಎಂದು ಬೆರಗಾದೆ. ಅದಾದ ಕೆಲವು ದಿನಕ್ಕೆ ಇಸ್ಮಾಯಿಲ್ ಊಟಕ್ಕೆ ಕರೆದ. ಯಂತ್ರ ಹಾಕಿಸಿಕೊಂಡ ವಿಷಯ ಅವನಿಗೆ ಹೇಳಿರಲಿಲ್ಲ.

ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಅವನ ಮನೆಗೆ ಹೋಗಿ ಜಗಲಿಯಲ್ಲಿ ಕೂತೆ. ಅವನ ಹೆಂಡತಿ ಬಂದು ಕೂರಿ ಅಣ್ಣ, ಬರ್ತಾರೆ ಎಂದು ಒಳಗೆ ಹೋದಳು. ಒಳಗೆ ಯಾರೋ ಗಂಡಸು ಮಾತಾಡುತ್ತಿರುವುದು ಕೇಳಿಸಿತು. ಬಹಳ ಮೆದುವಾದ, ನಿಧಾನದ ದನಿ. ಮೀನಿಗೆ ಉಪ್ಪು ಸಾಕಾ ನೋಡು ಎನ್ನುತ್ತಿತ್ತು. ಯಾರೋ ನೆಂಟರು ಬಂದಿರಬೇಕು, ಒಳ್ಳೆಯ ಸಂಭಾವಿತರು ಎಂದುಕೊಂಡೆ.

ಪರದೆ ಸರಿಸಿ ನೀರಿನ ಚೊಂಬು ಹಿಡಿದು ಹೊರಗೆ ಬಂದವನು ಇಸ್ಮಾಯಿಲ್. ಒಳಗೆ ಬೇರೆ ಯಾರೂ ಇರಲಿಲ್ಲ.

ನನ್ನನ್ನು ಕಂಡ ಕೂಡಲೇ ಅವನ ಕತ್ತಿನ ನರ ಉಬ್ಬಿತು. "ಲೋಕೇಶಣ್ಣಾ, ಬಸ್ಸು ಬೇಗ ಸಿಕ್ತಾ?" ಎಂದು ಎದುರು ಗುಡ್ಡಕ್ಕೆ ಕೇಳುವ ಹಾಗೆ ಕೂಗಿದ. ಕಿವಿಯ ಯಂತ್ರ ಕುಂಯ್ ಎಂದಿತು.

ಇವನು ಒರಟು ಗಂಟಲಿನ ಮನುಷ್ಯ, ಘಾಟಿಯ ಗಾಳಿಯಲ್ಲಿ ಬೆಳೆದವರು ಹೀಗೆಯೇ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ನಾನು ಕಿವಿಯತ್ತ ಬೆರಳು ಮಾಡಿ ತೋರಿಸಿದೆ.

"ಮೆಲ್ಲ ಮಾತಾಡು ಮಾರಾಯ. ಈಗ ಕೇಳ್ತದೆ."

ಅವನು ನಂಬದೆ ಹತ್ತಿರ ಬಂದು ಬಗ್ಗಿ ನೋಡಿದ. ಒಳಗಿನಿಂದ ಅವನ ಹೆಂಡತಿ 'ನಿಮ್ಮ ಜೊತೆ ಕೆಲಸ ಇದ್ದ ದಿನ ಇವರಿಗೆ ಸಂಜೆ ಗಂಟಲೇ ಇರ್ತಿರ್ಲಿಲ್ಲ, ಕಾಳುಮೆಣಸಿನ ಕಷಾಯ ಮಾಡಿ ಕೊಡ್ತಿದ್ದೆ' ಎಂದಳು. ಇಸ್ಮಾಯಿಲ್ ಅವಳಿಗೆ ಸುಮ್ಮನಿರಲು ಕೈಸನ್ನೆ ಮಾಡಿದ.

ಊಟಕ್ಕೆ ಕೂತಾಗ ಅವನು ಮೆಲ್ಲಗೆ ಮಾತಾಡಲು ನೋಡಿದ. ನಾಲ್ಕು ಮಾತಿಗೆ ಮತ್ತೆ ದನಿ ಏರುತ್ತಿತ್ತು, ನೆನಪಾದಾಗ ತಗ್ಗಿಸುತ್ತಿದ್ದ. ನಾನು ಮೀನಿನ ಬೆಲೆ, ಮಳೆ, ಅವನ ಹೊಸ ಜೀಪು ಎಂದು ಒಂದಲ್ಲ ಒಂದು ಕೇಳುತ್ತಲೇ ಇದ್ದೆ. ಉತ್ತರಗಳೆಲ್ಲ ನನಗೆ ಗೊತ್ತಿದ್ದವೇ. ಅವನ ದನಿ ಮಾತ್ರ ಹೊಸದಾಗಿತ್ತು.